ಮೊಡವೆಗೆ ಸಿಬಿಡಿ ಎಣ್ಣೆ: ಯಾರಾದರೂ ಹಚ್ಚಿ ನೋಡಿದ್ದೀರಾ?

ಜೀನ್ಸ್ ಊರಿನವಳು, ಬಳ್ಳಾರಿ
ಏಪ್ರಿಲ್ 6, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನನಗೆ 24 ವರ್ಷ. ಕೌಲ್‌ಬಜಾರ್ ಕಡೆ ಜೀನ್ಸ್ ಹೊಲಿಯುವ ಘಟಕದಲ್ಲಿ ಲೆಕ್ಕ ಬರೆಯುತ್ತೇನೆ. ಎರಡೂ ಕೆನ್ನೆ, ಗದ್ದ, ಹಣೆ ತುಂಬ ಮೊಡವೆ. ಕಾಲೇಜು ಮುಗಿದರೆ ಹೋಗುತ್ತವೆ ಅಂದರು. ಹೋಗಲಿಲ್ಲ. ಈಗ ಮದುವೆ ಆದರೆ ಹೋಗುತ್ತವೆ ಅನ್ನುತ್ತಿದ್ದಾರೆ. ಹೋದ ತಿಂಗಳು ನೋಡಲು ಬಂದವರಲ್ಲಿ ಒಬ್ಬ ಹೆಂಗಸು ಚಹಾದ ಕಪ್ಪು ಕೈಗೆ ತೆಗೆದುಕೊಳ್ಳುತ್ತಲೇ "ಮುಖಕ್ಕೆ ಏನಾದರೂ ಹಚ್ಚಬಾರದೇನಮ್ಮ" ಅಂದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಚ್ಚದೆ ಬಿಟ್ಟಿದ್ದು ಏನಿದೆ? ಅರಿಶಿನ, ಕಡಲೆ ಹಿಟ್ಟು, ಮುಲ್ತಾನಿ ಮಿಟ್ಟಿ, ಟೂತ್‌ಪೇಸ್ಟ್ ಎಲ್ಲ ಆಯಿತು. ನಿಂಬೆ ರಸ ಹಚ್ಚಿಕೊಂಡು ಮಧ್ಯಾಹ್ನದ ಬಿಸಿಲಿಗೆ ಹೋಗಿದ್ದಕ್ಕೆ ಕೆನ್ನೆ ಸುಟ್ಟ ಹಾಗೆ ಕಪ್ಪಾಯಿತು.

ಈಗ ಮೊಬೈಲ್ ತೆಗೆದರೆ ಸಾಕು, ಸಿಬಿಡಿ ಎಣ್ಣೆಯ ಜಾಹೀರಾತು. ಗಾಂಜಾ ಗಿಡದಿಂದ ತೆಗೆದದ್ದು, ಆದರೆ ಅಮಲು ಬರಲ್ಲ, ಎಂಥ ಮೊಡವೆಯಾದರೂ ಒಣಗುತ್ತದೆ ಅಂತ ಬರೆದಿದ್ದರು. 30 ಎಂಎಲ್ ಬಾಟಲಿಗೆ 1,350 ರೂಪಾಯಿ ಕೊಟ್ಟು ತರಿಸಿದೆ. ಹಸಿರು ಎಣ್ಣೆ. ಹಸಿ ಶೇಂಗಾ ಜಜ್ಜಿದ ಹಾಗೆ ವಾಸನೆ. ಎಂಟು ದಿನ ರಾತ್ರಿ ಹಚ್ಚಿದ್ದೇನೆ. ಜಾಸ್ತಿಯೂ ಆಗಿಲ್ಲ, ಕಡಿಮೆಯೂ ಆಗಿಲ್ಲ. ಮುಂದುವರಿಸಲೋ, ಬಿಡಲೋ? ಬಳಸಿದವರು ದಯವಿಟ್ಟು ಹೇಳಿ. ಮನೆಯಲ್ಲಿ ಅಪ್ಪನಿಗೆ ಗಾಂಜಾ ಗಿಡದ್ದು ಅಂತ ಇನ್ನೂ ಹೇಳಿಲ್ಲ.

ಗಂಗಾವತಿ ಹಿರಿಯ
ಏಪ್ರಿಲ್ 6, ರಾತ್ರಿ 11:15

ತಂಗೀ, ಮೊದಲು ಅದನ್ನು ಪಕ್ಕಕ್ಕಿಡು. ಗಾಂಜಾ ಅಂದರೆ ಪೊಲೀಸರು ಸುಮ್ನೆ ಬಿಡುತ್ತಾರಾ? ನಮ್ಮ ಕಡೆ ಹೊಲದ ಬದುವಿನಲ್ಲಿ ಎರಡು ಗಿಡ ಸಿಕ್ಕಿದರೂ ಕೇಸ್ ಹಾಕುತ್ತಾರೆ. ಮದುವೆಯಾಗಬೇಕಾದ ಹುಡುಗಿ ನೀನು. ಈ ರಗಳೆ ಯಾಕೆ ಬೇಕು?

ತೀನ್ ಕಂದೀಲ್, ರಾಯಚೂರು
ಏಪ್ರಿಲ್ 7, ಬೆಳಿಗ್ಗೆ 7:05

ನಾನು ರಾಯಚೂರಿನಲ್ಲಿ 16 ವರ್ಷದಿಂದ ಮೆಡಿಕಲ್ ನಡೆಸುತ್ತಿದ್ದೇನೆ. ಹಿರಿಯರ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಕಾನೂನು ಏನು ಹೇಳುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು.

1985ರ ಎನ್‌ಡಿಪಿಎಸ್ ಅನ್ನುವ ಮಾದಕ ವಸ್ತು ಕಾಯ್ದೆಯಲ್ಲಿ ಗಾಂಜಾ ಅಂದರೆ ಗಿಡದ ಹೂವಿನ ಅಥವಾ ಕಾಯಿಯ ತುದಿ. ಅಂಟು ತೆಗೆದರೆ ಅದು ಚರಸ್. ತುದಿ ಜೊತೆಗಿಲ್ಲದ ಬರೀ ಎಲೆ, ಬರೀ ಬೀಜ ಈ ಗಾಂಜಾದ ಲೆಕ್ಕಕ್ಕೆ ಬರುವುದಿಲ್ಲ. 2022ರ ಆಗಸ್ಟ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಕೂಡ ಒಂದು ಜಾಮೀನು ಪ್ರಕರಣದಲ್ಲಿ ಭಂಗಿಯನ್ನು, ಅಂದರೆ ಈ ಎಲೆಯಿಂದ ಮಾಡಿದ್ದನ್ನು, ಈ ಕಾಯ್ದೆಯ ಗಾಂಜಾ ಅನ್ನಲಾಗದು ಅಂತ ಹೇಳಿತು. ಹಾಗಂತ ಗಿಡ ಬೆಳೆಸಬಹುದು ಅಂತ ಯಾರೂ ತಿಳಿಯಬೇಡಿ. ಲೈಸೆನ್ಸ್ ಇಲ್ಲದೆ ಬೆಳೆಸುವುದು ಅಪರಾಧವೇ. ಉತ್ತರಾಖಂಡದಲ್ಲಿ 2018ರಿಂದ ಲೈಸೆನ್ಸ್ ಕೊಟ್ಟು ಬೆಳೆಸುತ್ತಾರೆ. ಅಲ್ಲಿ ಅಮಲಿನ ಅಂಶ ಟಿಎಚ್‌ಸಿ 0.3 ಶೇಕಡಾ ದಾಟುವಂತಿಲ್ಲ.

ಇಲ್ಲಿ ಸಿಬಿಡಿ ಇರುವ ಎಣ್ಣೆಗಳು ಹೆಚ್ಚಾಗಿ ಆಯುರ್ವೇದ ಔಷಧಿಯ ಲೈಸೆನ್ಸ್ ಮೇಲೆ ಬರುತ್ತವೆ. ಲೇಬಲ್ ಮೇಲೆ "ವಿಜಯಾ" ಅಂತ ಇರುತ್ತದೆ. ಆಯುರ್ವೇದದಲ್ಲಿ ಈ ಗಿಡಕ್ಕೆ ಆ ಹೆಸರು. ಭಂಗಿ ಎಲೆ ಔಷಧ ನಿಯಮದ ಇ-1 ಪಟ್ಟಿಯಲ್ಲಿದೆ. ಅಂದರೆ ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳಬೇಕು ಅಂತ ಡಬ್ಬಿ ಮೇಲೆ ಬರೆದಿರಲೇಬೇಕು.

ಈಗ ಮುಖ್ಯ ಮಾತು. ತಂಗೀ, ನಿನ್ನ ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಅಂತ ಇಲ್ಲಿ ಹಾಕು. ಹಸಿರು ಬಣ್ಣ, ಶೇಂಗಾ ವಾಸನೆ ಅಂದಿದ್ದಕ್ಕೆ ನನಗೆ ಒಂದು ಅನುಮಾನ ಇದೆ.

ಜೀನ್ಸ್ ಊರಿನವಳು
ಏಪ್ರಿಲ್ 7, ಮಧ್ಯಾಹ್ನ 1:50

ಊಟದ ಬಿಡುವಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದೆ ಅಣ್ಣ. ಮುಂದೆ ದೊಡ್ಡದಾಗಿ ಹೆಂಪ್ (ಗಾಂಜಾ ಗಿಡದ ಇಂಗ್ಲಿಷ್ ಹೆಸರು) ಅಂತ ಇದೆ, ಎಲೆಯ ಚಿತ್ರ ಇದೆ. ಹಿಂದೆ ಒಂದೇ ಸಾಲು: "ಕ್ಯಾನಬಿಸ್ ಸಟೈವಾ ಸೀಡ್ ಆಯಿಲ್, ಕೋಲ್ಡ್ ಪ್ರೆಸ್ಡ್". ಸಿಬಿಡಿ ಎಷ್ಟು ಮಿಲಿಗ್ರಾಂ ಅಂತ ಎಲ್ಲೂ ಇಲ್ಲ. ಸಿಬಿಡಿ ಅನ್ನುವ ಪದವೇ ಬಾಟಲಿ ಮೇಲೆ ಇಲ್ಲ. ಜಾಹೀರಾತಿನಲ್ಲಿ ಮಾತ್ರ ಇತ್ತು.

ತೀನ್ ಕಂದೀಲ್, ರಾಯಚೂರು
ಏಪ್ರಿಲ್ 7, ಮಧ್ಯಾಹ್ನ 2:10

ಅದೇ ನನ್ನ ಅನುಮಾನ. ನಿನ್ನ ಹತ್ತಿರ ಇರುವುದು ಬೀಜದ ಎಣ್ಣೆ. ಶೇಂಗಾ ಎಣ್ಣೆ, ಕುಸುಬೆ ಎಣ್ಣೆ ಇದ್ದ ಹಾಗೆ ಗಾಣದಲ್ಲಿ ತೆಗೆದ ಎಣ್ಣೆ ಅದು. ಸಿಬಿಡಿ ಇರುವುದು ಹೂವು, ಎಲೆಯ ಮೇಲಿನ ಅಂಟಿನಲ್ಲಿ. ಬೀಜದೊಳಗೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬೀಜ, ಬೀಜದ ಎಣ್ಣೆ ತಿನ್ನುವುದಕ್ಕೂ 2021ರ ನವೆಂಬರ್‌ನಿಂದ ಆಹಾರ ಸುರಕ್ಷತಾ ಪ್ರಾಧಿಕಾರದ ಒಪ್ಪಿಗೆ ಇದೆ. ಆದ್ದರಿಂದ ಪೊಲೀಸರ ಭಯ ಬೇಡ, ಅಪ್ಪನಿಗೂ ಹೇಳು. ಆದರೆ ಸಿಬಿಡಿ ಅಂತ ನೀನು ಕೊಟ್ಟ ದುಡ್ಡಿಗೆ ಸಿಬಿಡಿ ಬಂದಿಲ್ಲ. ಇದನ್ನು ನೋಡಿದರೆ ನನಗೆ ನಿಜವಾಗಲೂ ಸಿಟ್ಟು ಬರುತ್ತದೆ. ಒಂದು ಹುಡುಗಿಯ ಸಂಬಳದಲ್ಲಿ 1,350 ರೂಪಾಯಿ ಸಣ್ಣ ಮೊತ್ತ ಅಲ್ಲ.

ಶಕ್ತಿನಗರ ಅಕ್ಕ, ರಾಯಚೂರು
ಏಪ್ರಿಲ್ 7, ಸಂಜೆ 6:30

ನಾನು ನಿಜವಾದ ಸಿಬಿಡಿ ಬಳಸಿದ್ದೇನೆ. ನಮ್ಮ ಚಿಕ್ಕಪ್ಪನ ಮಗಳು ಅಮೆರಿಕದಿಂದ ಸೀರಮ್ ತಂದುಕೊಟ್ಟಿದ್ದಳು. ಅದರ ಮೇಲೆ 30 ಎಂಎಲ್‌ಗೆ 300 ಮಿಲಿಗ್ರಾಂ ಅಂತ ಬರೆದಿತ್ತು. ಎರಡು ತಿಂಗಳು ಹಚ್ಚಿದೆ. ಕೆಂಪು ಕಡಿಮೆಯಾಯಿತು, ಮುಟ್ಟಿದರೆ ಆಗುತ್ತಿದ್ದ ನೋವೂ ಕಡಿಮೆಯಾಯಿತು. ಆದ್ದರಿಂದ ಸಿಬಿಡಿ ಸುಳ್ಳು ಅಂತ ನಾನು ಹೇಳಲಾರೆ. ಆದರೆ ಅದೇ ಸಮಯಕ್ಕೆ ನಾನು ಮೊಡವೆ ಚಿವುಟುವುದನ್ನೂ ಬಿಟ್ಟಿದ್ದೆ. ಅವಳು ತಂದ ಸೀರಮ್ ದುಬಾರಿ, ಹಾಳಾಗಬಾರದು ಅಂತ ದಿನಾ ಎರಡು ಸಲ ಮುಖ ಸರಿಯಾಗಿ ತೊಳೆಯುತ್ತಿದ್ದೆ. ಯಾವುದರಿಂದ ಕಡಿಮೆಯಾಯಿತು ಅಂತ ಈಗ ಯೋಚಿಸಿದರೆ ಗೊತ್ತಾಗುತ್ತಿಲ್ಲ.

ರಸಾಯನ ಮೇಷ್ಟ್ರು, ಸಿಂಧನೂರು
ಏಪ್ರಿಲ್ 7, ರಾತ್ರಿ 9:20

ಶಕ್ತಿನಗರದ ಅಕ್ಕ ಕೊನೆಗೆ ಹೇಳಿದ ಮಾತೇ ಇಡೀ ವಿಷಯದ ಬೇರು. ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಈ ಅಣುವಿನ ಕಥೆ ನನಗೆ ಬಹಳ ಇಷ್ಟ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಸಿಬಿಡಿ ಅಂದರೆ ಕ್ಯಾನಬಿಡಯಾಲ್. 1940ರಲ್ಲಿ ಅಮೆರಿಕದ ರೋಜರ್ ಆಡಮ್ಸ್ ಇದನ್ನು ಗಿಡದಿಂದ ಬೇರ್ಪಡಿಸಿದರು. ಅದರ ರಚನೆಯನ್ನು 1963ರಲ್ಲಿ ಬಿಡಿಸಿ ತೋರಿಸಿದವರು ಇಸ್ರೇಲಿನ ರಫಾಯಲ್ ಮೆಕೂಲಮ್ ಮತ್ತು ಜೊತೆಯವರು. ಮರುವರ್ಷ ಅಮಲು ತರುವ ಟಿಎಚ್‌ಸಿಯನ್ನೂ ಅವರ ತಂಡವೇ ಶುದ್ಧವಾಗಿ ತೆಗೆಯಿತು. ಆಮೇಲೆ 1992ರಲ್ಲಿ ಇನ್ನೊಂದು ಸಿಕ್ಕಿತು. ನಮ್ಮ ದೇಹ ತಾನಾಗಿಯೇ ಇಂಥದೊಂದು ವಸ್ತುವನ್ನು ತಯಾರಿಸುತ್ತದೆ. ಅದಕ್ಕೆ ಅವರು ಇಟ್ಟ ಹೆಸರು ಆನಂದಮೈಡ್. ನಮ್ಮ "ಆನಂದ"ವೇ ಅದು! ಪ್ರತಿ ವರ್ಷ ಮಕ್ಕಳಿಗೆ ಇದನ್ನು ಹೇಳುವಾಗ ಕ್ಲಾಸ್ ಪೂರ್ತಿ ಕಣ್ಣು ಅರಳಿಸಿ ಕೇಳುತ್ತದೆ.

ಚರ್ಮದ ಎಣ್ಣೆ ಗ್ರಂಥಿಗಳಿಗೂ ದೇಹದೊಳಗೆ ಇಂಥ ವಸ್ತುಗಳು ನಡೆಸುವ ವ್ಯವಸ್ಥೆಗೂ ನಂಟಿದೆ. 2014ರಲ್ಲಿ ಹಂಗೇರಿಯ ಡೆಬ್ರೆಸೆನ್‌ನ ಸಂಶೋಧಕರು ಮನುಷ್ಯರ ಎಣ್ಣೆ ಗ್ರಂಥಿಯ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ ಸಿಬಿಡಿ ಹಾಕಿ ನೋಡಿದರು. ಮೂರು ಸಂಗತಿ ಕಂಡವು. ಮಿತಿಮೀರಿ ಎಣ್ಣೆ ಸುರಿಸುವುದು ತಗ್ಗಿತು. ಕೋಶಗಳು ವಿಪರೀತ ಹೆಚ್ಚುವುದು ತಗ್ಗಿತು. ಉರಿಯೂತದ ಸಂಕೇತಗಳೂ ತಗ್ಗಿದವು. ಮೊಡವೆಗೆ ಇವೇ ಬೇಕಾಗಿದ್ದು, ಅಲ್ವಾ? ಈಗಿನ ಜಾಹೀರಾತುಗಳಲ್ಲಿ "ಸಂಶೋಧನೆ ಹೇಳುತ್ತದೆ" ಅಂತ ಬಂದರೆ ಬಹುತೇಕ ಇದೇ ಸಂಶೋಧನೆ.

ಆದರೆ ಲ್ಯಾಬಿನ ತಟ್ಟೆಯಲ್ಲಿರುವ ಕೋಶ ಬೇರೆ, ಬಳ್ಳಾರಿ ಬಿಸಿಲಿನಲ್ಲಿ ಬೆವರುವ ಕೆನ್ನೆ ಬೇರೆ. ಮನುಷ್ಯರ ಮೇಲೆ ದೊಡ್ಡ ಪರೀಕ್ಷೆ ಮಾಡಿದ್ದು ಬೊಟಾನಿಕ್ಸ್ ಅನ್ನುವ ಆಸ್ಟ್ರೇಲಿಯಾದ ಕಂಪನಿ. ಬಿಟಿಎಕ್ಸ್ 1503 ಅಂತ ಅದರ ಔಷಧಿ. 368 ಜನ, 12 ವಾರ. ಕೆಲವರಿಗೆ 5 ಶೇಕಡಾ ಸಿಬಿಡಿ ದ್ರಾವಣ, ಕೆಲವರಿಗೆ 2.5 ಶೇಕಡಾ, ಇನ್ನು ಕೆಲವರಿಗೆ ಸಿಬಿಡಿ ಇಲ್ಲದ ಬರೀ ದ್ರಾವಣ. 2019ರಲ್ಲಿ ಫಲಿತಾಂಶ ಬಂತು. ಸಿಬಿಡಿ ಹಚ್ಚಿದವರಿಗೆ ಮೊಡವೆ ಕಡಿಮೆಯಾಗಿತ್ತು. ಬರೀ ದ್ರಾವಣ ಹಚ್ಚಿದವರಿಗೂ ಕಡಿಮೆಯಾಗಿತ್ತು! ಎರಡರ ನಡುವೆ ಇದು ಸಿಬಿಡಿಯಿಂದಲೇ ಆಗಿದ್ದು ಅನ್ನುವಷ್ಟು ಅಂತರ ಸಿಗಲಿಲ್ಲ.

ಮೊಡವೆ ತಾನಾಗಿ ಏರುತ್ತದೆ, ಇಳಿಯುತ್ತದೆ. ಹಚ್ಚಲು ಶುರು ಮಾಡುವುದು ಸಾಮಾನ್ಯವಾಗಿ ಏರಿದಾಗ. ಆಮೇಲೆ ಇಳಿದರೆ ಹೆಸರು ಹಚ್ಚಿದ್ದಕ್ಕೆ ಹೋಗುತ್ತದೆ. ಇನ್ನೊಂದು ಲೆಕ್ಕ ನೋಡಿ. 5 ಶೇಕಡಾ ಅಂದರೆ 30 ಎಂಎಲ್‌ನಲ್ಲಿ ಸುಮಾರು 1,500 ಮಿಲಿಗ್ರಾಂ. ಅಕ್ಕನ ಸೀರಮ್‌ನಲ್ಲಿದ್ದದ್ದು 300, ಅಂದರೆ 1 ಶೇಕಡಾ. ಅದರ ಐದು ಪಟ್ಟು ಹಾಕಿದಾಗಲೂ ಗೆಲ್ಲದ್ದು ಒಂದು ಪಾಲಿನಲ್ಲಿ ಗೆಲ್ಲುತ್ತದೆ ಅಂತ ನಂಬುವುದು ನನಗೆ ಕಷ್ಟ.

ಗಂಗಾವತಿ ಹಿರಿಯ
ಏಪ್ರಿಲ್ 8, ಬೆಳಿಗ್ಗೆ 6:15

ಮೇಷ್ಟ್ರೇ, ಚೆನ್ನಾಗಿ ತಿಳಿಸಿದಿರಿ. ಹಾಗಾದರೆ ನನ್ನದೂ ಒಂದು ಪ್ರಶ್ನೆ. ನಮ್ಮ ಮನೆಯಾಕೆ ಪುಂಡಿ ಪಲ್ಯ ಮಾಡದ ವಾರ ಇಲ್ಲ. ಪುಂಡಿಗೂ ಹೆಂಪ್ ಅನ್ನುತ್ತಾರೆ ಅಂತ ಮೊಮ್ಮಗ ಮೊಬೈಲಿನಲ್ಲಿ ತೋರಿಸಿದ. ಹೌದಾ? ಇನ್ನೊಂದು, ನಮ್ಮ ಭಾಗದ ಆರೂಢ, ಅವಧೂತ ಪರಂಪರೆಯ ಕೆಲವು ಕಡೆ ಭಂಗಿಯನ್ನು ಪವಿತ್ರ ಸೊಪ್ಪು ಅಂತ ಕಾಣುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಎಲೆಯನ್ನೇ ಅರೆದು ಹಚ್ಚಿದರೆ ಆಗಲ್ಲವಾ?

ರಸಾಯನ ಮೇಷ್ಟ್ರು, ಸಿಂಧನೂರು
ಏಪ್ರಿಲ್ 8, ಬೆಳಿಗ್ಗೆ 8:00

ಹಿರಿಯರೇ, ಪುಂಡಿಗೆ ಇಂಗ್ಲಿಷಿನಲ್ಲಿ ಡೆಕ್ಕನ್ ಹೆಂಪ್ ಅನ್ನುವುದು ನಿಜ. ಶಾಸ್ತ್ರದ ಹೆಸರು ಹಿಬಿಸ್ಕಸ್ ಕ್ಯಾನಬಿನಸ್. ಎಲೆ ಗಾಂಜಾ ಎಲೆಯ ಹಾಗೆ ಸೀಳಿರುತ್ತದೆ ಅಂತ ಆ ಹೆಸರು ಬಂತು, ನಾರು ಬರುತ್ತದೆ ಅಂತ ಹೆಂಪ್ ಅಂದರು. ಕುಲ ಮಾತ್ರ ದಾಸವಾಳದ್ದು. ಅದರಲ್ಲಿ ಸಿಬಿಡಿಯೂ ಇಲ್ಲ, ಅಮಲೂ ಇಲ್ಲ. ಜೋಳದ ರೊಟ್ಟಿ ಜೊತೆ ನೆಮ್ಮದಿಯಾಗಿ ಊಟ ಮಾಡಿ.

ಭಂಗಿ ಎಲೆ ಅರೆದು ಹಚ್ಚುವುದು ಬೇಡ. ಹಸಿ ಎಲೆಯಲ್ಲಿ ಇರುವುದು ಸಿಬಿಡಿಯ ಆಮ್ಲ ರೂಪ. ಮುಖ್ಯವಾಗಿ ಕಾಸಿದಾಗ ಅದು ಸಿಬಿಡಿ ಆಗುತ್ತದೆ. ಜೊತೆಗೆ ಟಿಎಚ್‌ಸಿ ಎಷ್ಟಿದೆ, ಹೊಲದಲ್ಲಿ ಹೊಡೆದ ಔಷಧಿ ಎಷ್ಟು ಅಂಟಿದೆ ಅಂತ ನಮಗೆ ತಿಳಿಯುವ ದಾರಿ ಇಲ್ಲ. ಮೊಡವೆ ಒಡೆದು ಬಾಯಿ ಬಿಟ್ಟ ಚರ್ಮದ ಮೇಲೆ ಇಂಥದ್ದು ಹಾಕಬಾರದು.

ಬಿಳಿ ಕೋಟು, ಬಳ್ಳಾರಿ
ಏಪ್ರಿಲ್ 8, ರಾತ್ರಿ 11:50

ಡ್ಯೂಟಿ ಈಗ ಮುಗಿಯಿತು. ನಾನು ಚರ್ಮರೋಗದಲ್ಲಿ ಪಿಜಿ ಓದುತ್ತಿದ್ದೇನೆ. ಸಿಬಿಡಿ ಬಗ್ಗೆ ಮೇಷ್ಟ್ರು ಹೇಳಿದ್ದಕ್ಕೆ ಸೇರಿಸುವುದು ಜಾಸ್ತಿ ಇಲ್ಲ. ಸಿಬಿಡಿ ಔಷಧಿಯೇ ಅಲ್ಲ ಅಂತಲ್ಲ. 2018ರ ಜೂನ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಕ್ಕಳಿಗೆ ಬರುವ ಎರಡು ಅಪರೂಪದ, ಗಟ್ಟಿ ಮೂರ್ಛೆ ರೋಗಕ್ಕೆ ಎಪಿಡಿಯೋಲೆಕ್ಸ್ ಹೆಸರಿನಲ್ಲಿ ಅದನ್ನು ಒಪ್ಪಿತು. ಮೊಡವೆಗೆ ಅಂಥ ಒಪ್ಪಿಗೆ ಸಿಕ್ಕಿಲ್ಲ.

ಕೆಲವರು ಇದನ್ನು ನಾಲಿಗೆ ಕೆಳಗೆ ಹನಿ ಹಾಕಿಕೊಳ್ಳಿ, ಒಳಗಿಂದ ಮೊಡವೆ ಹೋಗುತ್ತದೆ ಅಂತ ಮಾರುತ್ತಾರೆ. ಅದನ್ನು ಮಾತ್ರ ಮಾಡಬೇಡಿ. ಹೊಟ್ಟೆಗೆ ಹೋದ ಸಿಬಿಡಿಯಿಂದ ಲಿವರ್ ಎನ್‌ಜೈಮ್ ಏರಬಹುದು. ಮೂರ್ಛೆಗೆ ಕೊಡುವ ಕ್ಲೊಬಜಾಮ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಆ ಮಾತ್ರೆಗಳ ಪ್ರಭಾವ ಹೆಚ್ಚುಕಡಿಮೆ ಆಗುತ್ತದೆ.

ಈಗ ನಿಮ್ಮ ಮುಖದ ವಿಷಯ. ಮೊಡವೆ ಆಗಲು ನಾಲ್ಕು ಕಾರಣ ಕೂಡಬೇಕು. ಎಣ್ಣೆ ಜಾಸ್ತಿ ಬರಬೇಕು, ರಂಧ್ರದ ಬಾಯಿ ಸತ್ತ ಚರ್ಮದಿಂದ ಮುಚ್ಚಬೇಕು, ಒಳಗೆ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಅನ್ನುವ ಬ್ಯಾಕ್ಟೀರಿಯಾ ಹೆಚ್ಚಬೇಕು, ಉರಿಯೂತ ಏಳಬೇಕು. ಮುಚ್ಚಿದ ಬಾಯಿ ತೆರೆಯಲು ಅಡಾಪಲೀನ್ 0.1 ಶೇಕಡಾ ಜೆಲ್ ಇದೆ. ಬ್ಯಾಕ್ಟೀರಿಯಾ ಕೊಲ್ಲಲು ಬೆನ್ಜಾಯಿಲ್ ಪೆರಾಕ್ಸೈಡ್ 2.5 ಶೇಕಡಾ ಇದೆ. ಇವೆರಡೂ ಹಳೆಯವು, ಸಾವಿರಾರು ಜನರ ಮೇಲೆ ನೋಡಿದವು. ಎರಡೂ ಸೇರಿ ನಿಮ್ಮ ಆ ಬಾಟಲಿಯ ಬೆಲೆಗಿಂತ ಕಡಿಮೆ. ಆದರೆ ತಾಳ್ಮೆ ಬೇಕು. 8ರಿಂದ 12 ವಾರ. ಮೊದಲ ಮೂರ್ನಾಲ್ಕು ವಾರ ಚರ್ಮ ಒಣಗುತ್ತದೆ, ಸಿಪ್ಪೆ ಏಳುತ್ತದೆ. ನೂರಕ್ಕೆ ಎಷ್ಟೋ ಜನ ಅಲ್ಲೇ ಬಿಟ್ಟುಬಿಡುತ್ತಾರೆ, ಮತ್ತೆ ಇನ್ನೊಂದು ಬಾಟಲಿ ಹುಡುಕುತ್ತಾರೆ. ನನಗೆ ಅದೇ ಬೇಸರ.

ಒಂದು ಪ್ರಶ್ನೆ. ತಲೆಗೆ ಕೊಬ್ಬರಿ ಎಣ್ಣೆ ದಿನಾ ಹಾಕುತ್ತೀರಾ? ಹಣೆಯಲ್ಲೂ ಮೊಡವೆ ಅಂದಿದ್ದಕ್ಕೆ ಕೇಳಿದೆ. ಸ್ಕೂಟಿ ಮೇಲೆ ಹೋಗುವಾಗ ದುಪಟ್ಟಾ ಬಿಗಿಯಾಗಿ ಮುಖಕ್ಕೆ ಕಟ್ಟುತ್ತೀರಾ? ಮುಟ್ಟು ಸರಿಯಾಗಿ ಆಗುತ್ತದಾ, ಗದ್ದದಲ್ಲಿ ಕೂದಲು ಬರುತ್ತಿದೆಯಾ? ಇದನ್ನು ಇಲ್ಲಿ ಬರೆಯಬೇಕಿಲ್ಲ. ಡಾಕ್ಟರ ಎದುರು ಹೇಳಿ. ಪಿಸಿಓಎಸ್ ಅನ್ನುವ ಹಾರ್ಮೋನ್ ತೊಂದರೆ ಇದ್ದರೆ ಬರೀ ಜೆಲ್ ಸಾಲದು.

ಕಿನ್ನಾಳ ಗೊಂಬೆ, ಕೊಪ್ಪಳ
ಏಪ್ರಿಲ್ 9, ಮಧ್ಯಾಹ್ನ 3:30

ಡಾಕ್ಟರಮ್ಮ, ನೀವು ಹೇಳಿದ್ದು ಒಂದು ವರ್ಷ ಮೊದಲು ನನಗೆ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು. ನನ್ನ ಮಗಳಿಗೆ 19. ಮೊಡವೆಗೆ ಅಂತ ಒಂದು ಅಂಗಡಿಯಲ್ಲಿ ಕೇಳಿದ್ದಕ್ಕೆ ಚೀಟಿ ಇಲ್ಲದೆ ಸಣ್ಣ ಟ್ಯೂಬ್ ಕೊಟ್ಟರು. ಹತ್ತು ದಿನದಲ್ಲಿ ಮುಖ ಬೆಳ್ಳಗೆ, ನುಣ್ಣಗೆ. ಓಣಿಯವರೆಲ್ಲ ಏನು ಹಚ್ಚಿದ್ದೀಯಾ ಅಂತ ಕೇಳಿದರು. ನಾನೇ ಇನ್ನೂ ಎರಡು ಟ್ಯೂಬ್ ತಂದೆ. ಐದು ತಿಂಗಳಾದ ಮೇಲೆ ಬಿಸಿಲಿಗೆ ಹೋದರೆ ಕೆನ್ನೆ ಕೆಂಡದ ಹಾಗೆ ಕೆಂಪು. ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ ಒಳಗಿನ ನರ ಕಾಣುತ್ತಿತ್ತು. ಕೆನ್ನೆ ಮೇಲೆ ಸಣ್ಣ ಕೂದಲು ಬಂತು. ಹಚ್ಚುವುದು ಬಿಟ್ಟರೆ ಮೊಡವೆ ಮೊದಲಿಗಿಂತ ಎರಡು ಪಟ್ಟು. ಅವಳು ಕಾಲೇಜಿಗೆ ಹೋಗುವುದನ್ನೇ ಬಿಟ್ಟು ಕೋಣೆಯಲ್ಲಿ ಕುಳಿತಳು. ಅದು ಸ್ಟೆರಾಯ್ಡ್ ಅಂತ ಆಮೇಲೆ ಗೊತ್ತಾಯಿತು. ತಂದುಕೊಟ್ಟವಳು ನಾನೇ ಅನ್ನುವ ಸಂಕಟ ಇನ್ನೂ ಹೋಗಿಲ್ಲ.

ಜೀನ್ಸ್ ಊರಿನ ತಂಗಿ, ನಿನ್ನ ಎಣ್ಣೆಯಿಂದ ಹೋಗಿದ್ದು ದುಡ್ಡು ಮಾತ್ರ. ಅಷ್ಟಕ್ಕೇ ನಿಂತಿತಲ್ಲ ಅಂತ ಸಮಾಧಾನ ಮಾಡಿಕೊ.

ಬಿಳಿ ಕೋಟು, ಬಳ್ಳಾರಿ
ಏಪ್ರಿಲ್ 9, ರಾತ್ರಿ 10:20

ಅಕ್ಕ, ನೀವು ಅಪರಾಧಿ ಅಲ್ಲ. ನಮ್ಮ ಓಪಿಡಿಯಲ್ಲಿ ಇಂಥ ಮುಖ ನೋಡದ ದಿನ ಕಡಿಮೆ. ಇದಕ್ಕೆ ನಾವು ಸ್ಟೆರಾಯ್ಡ್‌ನಿಂದ ಕೆಟ್ಟ ಮುಖ ಅಂತಲೇ ಹೆಸರಿಟ್ಟಿದ್ದೇವೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ ದೇಶದ ಹಲವು ಆಸ್ಪತ್ರೆಗಳಲ್ಲಿ ಮುಖದ ತೊಂದರೆ ಅಂತ ಬಂದ 2,926 ಜನರನ್ನು ನೋಡಿದಾಗ 433 ಜನ ಮುಖಕ್ಕೆ ಸ್ಟೆರಾಯ್ಡ್ ಹಚ್ಚುತ್ತಿದ್ದರು. 2018ರಲ್ಲಿ ಸರಕಾರ ಇಂಥ 14 ಸ್ಟೆರಾಯ್ಡ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ಚೀಟಿ ಬೇಕೇ ಬೇಕು. ಬೀಟಾಮೆಥಾಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್ ಅನ್ನುವ ಪದ ಟ್ಯೂಬ್ ಮೇಲೆ ಕಂಡರೆ ಡಾಕ್ಟರನ್ನು ಕೇಳದೆ ಮುಖಕ್ಕೆ ತಾಗಿಸಬೇಡಿ. ಮಗಳ ಚರ್ಮ ಸುಧಾರಿಸುತ್ತದೆ, ತಿಂಗಳುಗಟ್ಟಲೆ ಹಿಡಿಯುತ್ತದೆ. ನಡುವೆ ಒಮ್ಮೆ ಉರಿ ಎದ್ದಾಗ ಮತ್ತೆ ಅದೇ ಟ್ಯೂಬ್ ಕಡೆಗೆ ಕೈ ಹೋಗುತ್ತದೆ. ಆಗ ನೀವು ಜೊತೆಗಿರಿ.

ಸಂಡೂರು ಪೈಲ್ವಾನ್
ಏಪ್ರಿಲ್ 10, ಬೆಳಿಗ್ಗೆ 5:40

ನಾನು ಕುಸ್ತಿ ಆಡುತ್ತೇನೆ. ರಾಜ್ಯ ಮಟ್ಟಕ್ಕೆ ತಯಾರಿ ನಡೆದಿದೆ. ಬೆನ್ನು, ಭುಜ ತುಂಬ ಮೊಡವೆ. ಜೊತೆಯ ಹುಡುಗರು ಸಿಬಿಡಿ ಕ್ರೀಮ್ ನೋವಿಗೂ ಆಗುತ್ತದೆ, ಮೊಡವೆಗೂ ಆಗುತ್ತದೆ ಅನ್ನುತ್ತಾರೆ. ಡೋಪ್ ಟೆಸ್ಟ್‌ನಲ್ಲಿ ಸಿಕ್ಕಿಬೀಳುತ್ತೇನಾ?

ತೀನ್ ಕಂದೀಲ್, ರಾಯಚೂರು
ಏಪ್ರಿಲ್ 10, ಬೆಳಿಗ್ಗೆ 9:00

ತಮ್ಮ, ಕ್ರೀಡೆಯಲ್ಲಿ ಡೋಪಿಂಗ್ ತಡೆಯುವ ಜಾಗತಿಕ ಸಂಸ್ಥೆ ವಾಡಾ 2018ರಿಂದ ಸಿಬಿಡಿಯನ್ನು ನಿಷೇಧದ ಪಟ್ಟಿಯಿಂದ ತೆಗೆದಿದೆ. ಆದರೆ ಪಂದ್ಯದ ಸಮಯದಲ್ಲಿ ಟಿಎಚ್‌ಸಿ ಮತ್ತು ಗಾಂಜಾದ ಬೇರೆ ಅಂಶಗಳಿಗೆ ನಿಷೇಧ ಇದ್ದೇ ಇದೆ. ತೊಡಕು ಬರುವುದು ಇಲ್ಲೇ. 2017ರಲ್ಲಿ ಅಮೆರಿಕದಲ್ಲಿ ಆನ್‌ಲೈನ್ ಕೊಂಡ 84 ಸಿಬಿಡಿ ಬಾಟಲಿಗಳನ್ನು ಪರೀಕ್ಷೆ ಮಾಡಿದರು. ಲೇಬಲ್ ಮೇಲೆ ಬರೆದಷ್ಟೇ ಸಿಬಿಡಿ ಇದ್ದದ್ದು 31 ಶೇಕಡಾದಲ್ಲಿ ಮಾತ್ರ. 18 ಬಾಟಲಿಗಳಲ್ಲಿ ಟಿಎಚ್‌ಸಿ ಸಿಕ್ಕಿತು. ಅವು ಕುಡಿಯುವ, ಸೇದುವ ಬಗೆಯವು. ಚರ್ಮಕ್ಕೆ ಹಚ್ಚಿದ್ದು ರಕ್ತಕ್ಕೆ ಹೋಗುವುದು ಕಡಿಮೆ ಇರಬಹುದು. ಆದರೂ ಮೂತ್ರದಲ್ಲಿ ಸಿಕ್ಕರೆ ಹೊಣೆ ನಿನ್ನದೇ, ಬಾಟಲಿಯವರದಲ್ಲ. ವರ್ಷಗಟ್ಟಲೆ ಮಣ್ಣಿನಲ್ಲಿ ಬಿದ್ದು ಎದ್ದದ್ದನ್ನು ಒಂದು ಕ್ರೀಮಿಗೆ ಒತ್ತೆ ಇಡಬೇಡ.

ಬಿಳಿ ಕೋಟು, ಬಳ್ಳಾರಿ
ಏಪ್ರಿಲ್ 10, ಮಧ್ಯಾಹ್ನ 1:15

ಪೈಲ್ವಾನರೇ, ಒಮ್ಮೆ ಬಂದು ತೋರಿಸಿ. ಮ್ಯಾಟ್ ಮೇಲೆ ಆಡುವವರಿಗೆ ಬರುವ ಗುಳ್ಳೆ ಎಲ್ಲವೂ ಮೊಡವೆ ಆಗಿರುವುದಿಲ್ಲ. ಫಂಗಸ್ ಇರುತ್ತದೆ, ಕೂದಲ ಬುಡದ ಸೋಂಕು ಇರುತ್ತದೆ. ಜಿಮ್‌ನಲ್ಲಿ ಯಾರಾದರೂ ಇಂಜೆಕ್ಷನ್ ಕೊಟ್ಟಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಮೈ ಬೆಳೆಸಲು ಕೊಡುವ ಅನಬಾಲಿಕ್ ಸ್ಟೆರಾಯ್ಡ್‌ನಿಂದ ಬೆನ್ನ ತುಂಬ ಮೊಡವೆ ಏಳುತ್ತದೆ. ಆಡಿದ ತಕ್ಷಣ ಸ್ನಾನ ಮಾಡಿ, ಬೆವರಿನ ಬನಿಯನ್ ಮತ್ತೆ ಹಾಕಬೇಡಿ.

ಜೀನ್ಸ್ ಊರಿನವಳು
ಏಪ್ರಿಲ್ 12, ರಾತ್ರಿ 9:45

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಅಪ್ಪನಿಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬಾಟಲಿ ಮೂಸಿ ನೋಡಿ "ಇದು ಎಣ್ಣೆ ಕಾಳಿನ ವಾಸನೆ" ಅಂದರು. ಡಾಕ್ಟರಮ್ಮ, ತಲೆಗೆ ದಿನಾ ಕೊಬ್ಬರಿ ಎಣ್ಣೆ ಹಾಕುತ್ತೇನೆ. ದುಪಟ್ಟಾ ಕಣ್ಣು ಮಾತ್ರ ಕಾಣುವ ಹಾಗೆ ಬಿಗಿದು ಕಟ್ಟುತ್ತೇನೆ. ಈ ಧೂಳಿನಲ್ಲಿ ಕಟ್ಟದೆ ಹೋಗಲು ಆಗಲ್ಲ. ಸೋಮವಾರ ದೊಡ್ಡಾಸ್ಪತ್ರೆಗೆ ಹೋಗುತ್ತೇನೆ.

ಜೀನ್ಸ್ ಊರಿನವಳು
ಮೇ 9, ರಾತ್ರಿ 10:30

ನಾಲ್ಕನೇ ವಾರ. ರಾತ್ರಿ ಅಡಾಪಲೀನ್ ಕಡಲೆ ಕಾಳಿನಷ್ಟು, ಇಡೀ ಮುಖಕ್ಕೆ. ಬೆಳಿಗ್ಗೆ ಬೆನ್ಜಾಯಿಲ್ ಪೆರಾಕ್ಸೈಡ್ ತೆಳ್ಳಗೆ, ಅದರ ಮೇಲೆ ಸನ್‌ಸ್ಕ್ರೀನ್. ಮುಖ ಹಪ್ಪಳದ ಹಾಗೆ ಒಣಗಿದೆ. ಬಾಯಿ ಪಕ್ಕ ಸಿಪ್ಪೆ ಏಳುತ್ತಿದೆ. ಹೊಸ ಮೊಡವೆಯೂ ನಾಲ್ಕು ಬಂದಿವೆ. ನನ್ನ ನೀಲಿ ದಿಂಬಿನ ಕವರ್ ಮೇಲೆ ಬಿಳಿ ಕಲೆಗಳು. ಮೊದಲು ಹೆದರಿದೆ. ಆಮೇಲೆ ನೋಡಿದರೆ ನಮ್ಮ ವಾಷಿಂಗ್ ವಿಭಾಗದಲ್ಲಿ ಜೀನ್ಸ್‌ಗೆ ಬ್ಲೀಚ್ ಹೊಡೆದಾಗ ಬಣ್ಣ ಹೋಗುತ್ತದಲ್ಲ, ಹಾಗೇ ಇದೆ. ಇವತ್ತು ಎರಡೂ ಬಿಟ್ಟುಬಿಡೋಣ ಅಂತ ಅನಿಸಿದೆ.

ಬಿಳಿ ಕೋಟು, ಬಳ್ಳಾರಿ
ಮೇ 9, ರಾತ್ರಿ 11:10

ಬಿಡಬೇಡಿ. ಬೆನ್ಜಾಯಿಲ್ ಪೆರಾಕ್ಸೈಡ್ ಬಣ್ಣದ ಬಟ್ಟೆಯನ್ನು ಬ್ಲೀಚ್ ಮಾಡುವುದು ನಿಜ, ಚರ್ಮವನ್ನು ಮಾಡುವುದಿಲ್ಲ. ಬಿಳಿ ದಿಂಬು, ಬಿಳಿ ಟವೆಲ್ ಇಟ್ಟುಕೊಳ್ಳಿ. ಅಡಾಪಲೀನ್ ಒಂದು ವಾರ ದಿನ ಬಿಟ್ಟು ದಿನ ಹಚ್ಚಿ. ಮೊದಲು ಮಾಯಿಶ್ಚರೈಸರ್, ಅದು ಆರಿದ ಮೇಲೆ ಜೆಲ್. ಮದುವೆ ನಿಶ್ಚಯವಾದರೆ, ಮಗುವಿನ ಯೋಚನೆ ಬಂದರೆ ಮುಂಚೆಯೇ ಹೇಳಿ. ಬಸಿರಿನಲ್ಲಿ ಅಡಾಪಲೀನ್ ನಿಲ್ಲಿಸುತ್ತೇವೆ. ಮುಂದೆ ಯಾರಾದರೂ ಐಸೊಟ್ರೆಟಿನಾಯಿನ್ ಮಾತ್ರೆ ಬರೆದರೆ ಅದಂತೂ ಇನ್ನೂ ಬಿಗಿ. ಹೊಟ್ಟೆಯಲ್ಲಿರುವ ಮಗುವಿಗೆ ದೊಡ್ಡ ಊನ ಆಗಬಹುದು. ಮಾತ್ರೆ ಮುಗಿದು ಒಂದು ತಿಂಗಳವರೆಗೂ ಬಸಿರಾಗಬಾರದು.

ಜೀನ್ಸ್ ಊರಿನವಳು
ಜುಲೈ 7, ಸಂಜೆ 7:20

12 ವಾರ ಮುಗಿಯಿತು. ಹಣೆ ಪೂರ್ತಿ ತಿಳಿಯಾಗಿದೆ. ತಲೆಗೆ ಎಣ್ಣೆಯನ್ನು ಈಗ ಸ್ನಾನದ ಹಿಂದಿನ ಒಂದು ಗಂಟೆ ಮಾತ್ರ ಹಾಕುತ್ತೇನೆ. ದುಪಟ್ಟಾ ಬದಲು ಮೆತ್ತನೆ ಹತ್ತಿ ಬಟ್ಟೆ, ದಿನಾ ತೊಳೆದದ್ದು. ಕೆನ್ನೆಯಲ್ಲಿ ಎರಡು, ಗದ್ದದಲ್ಲಿ ಒಂದು ಮೊಡವೆ ಇವೆ. ಕಪ್ಪು ಕಲೆ ಇನ್ನೂ ಇದೆ. ಅದಕ್ಕೆ ಇನ್ನೂ ಕೆಲವು ತಿಂಗಳು ಬೇಕು, ಸನ್‌ಸ್ಕ್ರೀನ್ ಬಿಡಬಾರದು ಅಂದಿದ್ದಾರೆ. ಆ ಹಸಿರು ಎಣ್ಣೆಯನ್ನು ಅವ್ವ ಹಿಮ್ಮಡಿ ಒಡಕಿಗೆ ಹಚ್ಚುತ್ತಿದ್ದಾಳೆ. ಮೆತ್ತಗಾಗುತ್ತದಂತೆ.

ಕಿನ್ನಾಳದ ಅಕ್ಕ, ಮಗಳು ಹೇಗಿದ್ದಾಳೆ?

ಕಿನ್ನಾಳ ಗೊಂಬೆ, ಕೊಪ್ಪಳ
ಜುಲೈ 8, ಬೆಳಿಗ್ಗೆ 11:00

ಮೊನ್ನೆಯಿಂದ ಕಾಲೇಜಿಗೆ ಹೋಗುತ್ತಿದ್ದಾಳೆ ತಂಗಿ. ಕೆಂಪು ಅರ್ಧ ಇಳಿದಿದೆ. ನಿನ್ನ ಫೋಟೊ ತೋರಿಸಿ ಅಂತ ಕೇಳುತ್ತಿದ್ದಾಳೆ. ಬಳ್ಳಾರಿಯಲ್ಲಿ ಒಮ್ಮೆ ತೋರಿಸೋಣ ಅಂತಿದ್ದೇವೆ. ಎಷ್ಟು ಹೊತ್ತಿಗೆ ಬರಬೇಕು?

ಜೀನ್ಸ್ ಊರಿನವಳು
ಜುಲೈ 8, ಮಧ್ಯಾಹ್ನ 2:05

ಬೆಳಿಗ್ಗೆ ಎಂಟಕ್ಕೆಲ್ಲ ಚೀಟಿ ಸಾಲಿನಲ್ಲಿ ನಿಲ್ಲಿ ಅಕ್ಕ, ತಡವಾದರೆ ಮಧ್ಯಾಹ್ನ ಆಗುತ್ತದೆ. ಇಲ್ಲಿಯವರೆಗೆ ಹಚ್ಚಿದ ಟ್ಯೂಬ್, ಬಾಟಲಿ, ಖಾಲಿ ಡಬ್ಬಿ ಎಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ. ನಾನು ಹೋದಾಗ ಡಾಕ್ಟರು ಮೊದಲು ಕೇಳಿದ್ದೇ ಅದು. ಬರುವ ದಿನ ಹೇಳಿ, ಅರ್ಧ ದಿನ ರಜೆ ಹಾಕಿ ನಾನೂ ಬರುತ್ತೇನೆ.